ಕಿಟಕಿ ಪಕ್ಕದ ಪೈರಿಗೆ ಗೊಬ್ಬರ: ಯಾವಾಗ, ಎಷ್ಟು?

ಈ ಟಿಪ್ಪಣಿ ಮನೆಯೊಳಗೆ ಟ್ರೇಯಲ್ಲಿ ಬೆಳೆಸುವ ಟೊಮೆಟೊ, ಬದನೆ, ಮೆಣಸಿನಕಾಯಿ ಪೈರಿಗೆ ಮಾತ್ರ. ಹೊಲದಲ್ಲಿ ಒಟ್ಟಲು (ಸಸಿಮಡಿ) ಹಾಕುವವರ ಲೆಕ್ಕ ಬೇರೆ. ಅಲ್ಲಿ ಅರ್ಧ ಕೆಲಸ ಮಣ್ಣೇ ಮಾಡುತ್ತದೆ.

ಮೊಳಕೆಯಲ್ಲಿ ಮೊದಲು ಕಾಣುವ ಎರಡು ಎಲೆ ಬೀಜದಳ. ಟೊಮೆಟೊದಲ್ಲಿ ಅವು ನೀಳವಾಗಿ, ಅಂಚು ಸೀಳಿಲ್ಲದೆ ಇರುತ್ತವೆ. ಆಮೇಲೆ ಬರುವ ಸೀಳಂಚಿನ ಎಲೆಯೇ ನಿಜ ಎಲೆ. ಅಲ್ಲಿಯವರೆಗೆ ಪೈರು ಬೀಜ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಬದುಕುತ್ತದೆ, ಗೊಬ್ಬರ ಬೇಕಿಲ್ಲ. ಮೊದಲ ನಿಜ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ಶುರು ಮಾಡಿದರೆ ಸಾಕು.

ಟ್ರೇಗೆ ಏನು ತುಂಬಿದ್ದೀರಿ ಅನ್ನೋದೂ ಮುಖ್ಯ. ಮಂಡ್ಯ ಕಡೆ ತೆಂಗಿಗೆ ಬರವಿಲ್ಲ, ಹಾಗಾಗಿ ಹೆಚ್ಚಿನವರು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುತ್ತಾರೆ. ಅದು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಪೊಟ್ಯಾಷ್ ಕೂಡ ಇರುತ್ತದೆ. ಆದರೆ ಗಿಡಕ್ಕೆ ಸಿಗುವ ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು. ಎರೆಗೊಬ್ಬರ ಬೆರೆಸಿದ್ದರೆ ಆತುರ ಬೇಡ, ಎಲೆಯ ಬಣ್ಣ ನೋಡಿಕೊಂಡು ಕೊಡಿ.

ಈಗ ಲೆಕ್ಕ. ಗೊಬ್ಬರದಂಗಡಿಯಲ್ಲಿ '19 ಆಲ್' ಅಂತ ಕೇಳಿದರೆ ನೀರಲ್ಲಿ ಕರಗುವ 19:19:19 ಕೊಡುತ್ತಾರೆ, ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನವು. ಅದರಲ್ಲಿ ನೂರಕ್ಕೆ 19 ಭಾಗ ಸಾರಜನಕ. ಒಂದು ಲೀಟರ್ ನೀರಿಗೆ 1 ಗ್ರಾಂ ಪುಡಿ ಹಾಕಿದರೆ 1000 ಪಿಪಿಎಂ (ಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) ದ್ರಾವಣ, ಅದರಲ್ಲಿ ಸಾರಜನಕ 190 ಪಿಪಿಎಂ. ಎಳೆ ಪೈರಿಗೆ 50ರಿಂದ 100 ಸಾಕು. ಅಂದರೆ ಲೀಟರಿಗೆ ಕಾಲು ಗ್ರಾಂನಿಂದ ಶುರು ಮಾಡಿ ಅರ್ಧ ಗ್ರಾಂಗೆ ನಿಲ್ಲಿಸಬೇಕು, ವಾರಕ್ಕೊಮ್ಮೆ. (ರಂಜಕ, ಪೊಟ್ಯಾಷಿಗೆ ಇದೇ ಲೆಕ್ಕ ಹಾಕಬೇಡಿ. ಚೀಲದ ಮೇಲಿನ ಆ ಎರಡು ಅಂಕಿ ಆಕ್ಸೈಡ್ ರೂಪದವು, ಅಂದರೆ ಆಮ್ಲಜನಕದ ತೂಕವೂ ಸೇರಿದವು.)

ಅರ್ಧ ಗ್ರಾಂ ತೂಗುವ ತಕ್ಕಡಿ ಯಾರ ಮನೇಲಿದೆ? 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಲ್ಲಿ ಕರಗಿಸಿಕೊಳ್ಳಿ. ಅದರಲ್ಲಿ 50 ಮಿಲಿ ತೆಗೆದು, ನೀರು ಬೆರೆಸಿ ಒಂದು ಲೀಟರ್ ಮಾಡಿದರೆ ಅರ್ಧ ಗ್ರಾಂ ಲೆಕ್ಕ ಸರಿಹೋಯಿತು. 25 ಮಿಲಿ ತೆಗೆದರೆ ಕಾಲು ಗ್ರಾಂ. ಒಣಗಿದ ಟ್ರೇಗೆ ನೇರವಾಗಿ ಹಾಕಬೇಡಿ, ಮೊದಲು ಸ್ವಲ್ಪ ಬರೀ ನೀರು ಕೊಡಿ.

ಯೂರಿಯಾ ಸುಮ್ನೆ ಒಂದು ಚಿಟಿಕೆ ಹಾಕೋಣ ಅನ್ನುವವರಿದ್ದಾರೆ. ಅದರಲ್ಲಿ ಸಾರಜನಕ 46 ಭಾಗ. ಟ್ರೇಯ ಪುಟ್ಟ ಗುಣಿಯಲ್ಲಿ ಒಂದು ಚಿಟಿಕೆಯೂ ಜಾಸ್ತಿಯೇ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ದೊಡ್ಡ ಗಿಡಕ್ಕೆ ಒಳ್ಳೆಯದು. ಮನೆಯೊಳಗಿನ ಟ್ರೇಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ವಾಸನೆ ಹಾಗಿರಲಿ, ಸಣ್ಣ ನೊಣ ಮುತ್ತುತ್ತವೆ.

ಪೈರು ನೂಲಿನಂತೆ ಉದ್ದಕ್ಕೆ ಬೆಳೆದು ಬಾಗಿದರೆ ಅದು ಹಸಿವಲ್ಲ, ಬೆಳಕಿನ ಕೊರತೆ. ಅಂಥದ್ದಕ್ಕೆ ಗೊಬ್ಬರ ಹಾಕಿದರೆ ಇನ್ನೂ ಸಪೂರವಾಗುತ್ತದೆ. ಟ್ರೇಯನ್ನು ಬಿಸಿಲಿಗೆ ಸರಿಸಿ. ನಿಜವಾಗಿ ಸಾರಜನಕ ಸಾಲದಿದ್ದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತದೆ, ಏಕೆಂದರೆ ಗಿಡ ಅಲ್ಲಿಂದ ತೆಗೆದು ಎಳೆ ಎಲೆಗೆ ಕೊಡುತ್ತದೆ. ಕಬ್ಬಿಣ ಹಾಗೆ ಸಾಗುವುದಿಲ್ಲ. ಹಾಗಾಗಿ ಎಳೆ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವವರಿಗೆ ಇದು ಗೊತ್ತಿರಲಿ, ಅಲ್ವಾ? ಆ ನೀರಿನ ಕ್ಷಾರದಿಂದ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ.

ಎಲೆ ತುದಿ ಸುಟ್ಟಂತೆ ಕಂದಾಗಿ, ಗುಣಿಯ ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ಹೆಚ್ಚಾಗಿದೆ. ಗೊಬ್ಬರ ನಿಲ್ಲಿಸಿ, ತಳದಿಂದ ಹರಿದು ಹೋಗುವಷ್ಟು ಬರೀ ನೀರು ಹಾಕಿ.

ನಾಟಿಗೆ ಒಂದು ವಾರ ಮುಂಚೆ ಗೊಬ್ಬರ ಬಂದ್. ನೀರೂ ಕಡಿಮೆ ಮಾಡಿ, ದಿನಕ್ಕೆ ಸ್ವಲ್ಪ ಹೊತ್ತಿನಂತೆ ಹೊರಗಿಟ್ಟು ಬಿಸಿಲು, ಗಾಳಿಗೆ ಒಗ್ಗಿಸಿ. ಟೊಮೆಟೊ 25ರಿಂದ 30 ದಿನಕ್ಕೆ ನಾಟಿಗೆ ಬರುತ್ತದೆ. ನಮ್ಮ ಮೈಸೂರಿನ ಈರನಗೆರೆ ಬದನೆ ಹಾಕಿದ್ದರೆ ಇನ್ನೊಂದು ವಾರ ಕಾಯಿರಿ.