ಕಾರು ಜಾಸ್ತಿ ಓಡೋದು ಸಂಸಾರದಿಂದಲೋ, ಬಡಾವಣೆಯಿಂದಲೋ?

ಒಂದು ಮನೆಯ ಕಾರು ಎಷ್ಟು ಓಡುತ್ತೆ ಅನ್ನೋದಕ್ಕೆ ಇಲ್ಲಿ ಎರಡು ಕಾರಣ ನೋಡೋಣ: ಸಂಸಾರದ ಹಂತ, ಬಡಾವಣೆಯ ಸ್ವರೂಪ. ಸಂಸಾರದ ಹಂತ ಅಂದರೆ ಬರೀ ವಯಸ್ಸಲ್ಲ. ಒಂಟಿಯೋ, ಜೋಡಿಯೋ, ಚಿಕ್ಕ ಮಕ್ಕಳಿದ್ದಾರೋ, ನಿವೃತ್ತರೋ ಅನ್ನೋದು. ಬಡಾವಣೆಗೆ ಸರ್ವೆರೊ ಮತ್ತು ಕಾಕಲ್‌ಮನ್ ಎಂಬ ಸಂಶೋಧಕರು 1997ರಲ್ಲಿ ಕೊಟ್ಟ ಮೂರು ಅಳತೆ ಇಟ್ಟುಕೊಳ್ಳೋಣ: ಜನಸಾಂದ್ರತೆ, ಮನೆ-ಅಂಗಡಿ-ಕಚೇರಿಗಳ ಬೆರಕೆ, ರಸ್ತೆ ವಿನ್ಯಾಸ.

ತಲೆ ಕೆಡಿಸೋದು ಮುಂದಿನ ಹೆಜ್ಜೆ. ಹೊರಬಡಾವಣೆಯಲ್ಲಿ ಕಾರು ಜಾಸ್ತಿ ಓಡುತ್ತೆ, ಸರಿ. ಅದಕ್ಕೆ ಕಾರಣ ಜಾಗವೋ, ಅಲ್ಲಿ ಮಕ್ಕಳಿರುವ ಮನೆಗಳೇ ಜಾಸ್ತಿ ಅನ್ನೋದೋ? ಸುಮ್ನೆ ಲೆಕ್ಕಕ್ಕಾಗಿ ಅಂಕಿ ಹಾಕಿಕೊಳ್ಳಿ.

ಒಳಪೇಟೆಯ 100 ಮನೆಗಳಲ್ಲಿ 80ರಲ್ಲಿ ಮಕ್ಕಳಿಲ್ಲ, ಕಾರು ಓಡೋದು ದಿನಕ್ಕೆ ತಲಾ 10 ಕಿ.ಮೀ. ಮಕ್ಕಳಿರುವ 20 ಮನೆಗಳದ್ದು ತಲಾ 20 ಕಿ.ಮೀ. ಸರಾಸರಿ 12. ಹೊರಬಡಾವಣೆಯಲ್ಲಿ ಉಲ್ಟಾ: ಮಕ್ಕಳಿಲ್ಲದ 20 ಮನೆ ತಲಾ 15, ಮಕ್ಕಳಿರುವ 80 ಮನೆ ತಲಾ 30. ಸರಾಸರಿ 27. ವ್ಯತ್ಯಾಸ 15.

ಈಗ ಒಳಪೇಟೆಯಲ್ಲಿರುವಂಥ 80-20 ಮನೆಗಳನ್ನೇ ಹೊರಬಡಾವಣೆಯಲ್ಲಿ ಇಟ್ಟು ನೋಡಿ. ಸರಾಸರಿ 18 ಬರುತ್ತೆ. ಅಂದರೆ ಜಾಗದ ಪಾಲು 18-12, ಅಂದರೆ 6. ಮಿಕ್ಕ 9 ಸಂಸಾರದ್ದು. ಇನ್ನು ಹೊರಬಡಾವಣೆಯ 20-80 ಮನೆಗಳನ್ನು ಒಳಪೇಟೆಗೆ ತನ್ನಿ. ಅಲ್ಲೂ 18! ಆದರೆ ಈ ಸಲ ಜಾಗದ ಪಾಲು 27-18, ಅಂದರೆ 9.

ಆರೋ ಒಂಬತ್ತೋ? ಎರಡೂ ಸರಿ. ಮಕ್ಕಳಿಲ್ಲದ ಮನೆಗೆ ಜಾಗ ಬದಲಾದರೆ 5 ಕಿ.ಮೀ. ಹೆಚ್ಚುತ್ತೆ, ಮಕ್ಕಳಿರುವ ಮನೆಗೆ 10. ಪುಸ್ತಕಗಳಲ್ಲಿ 'ಪರಸ್ಪರ ಪರಿಣಾಮ' ಅನ್ನೋದು ಇದನ್ನೇ. ಬೆಳಗ್ಗೆ ಮಗುವನ್ನು ಶಾಲೆಗೆ ಬಿಟ್ಟು, ಕಚೇರಿಗೆ ಹೋಗಿ, ಸಂಜೆ ಸಾಮಾನು ತಗೊಂಡು, ಟ್ಯೂಷನ್ನಿಂದ ಕರ್ಕೊಂಡು ಬರಬೇಕು. ಶಾಲೆ, ಅಂಗಡಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಇದರಲ್ಲಿ ಅರ್ಧಕ್ಕೆ ಕಾರೇ ಬೇಡ. ದೂರವಿದ್ದರೆ ಈ ಓಡಾಟದ ಸರಪಳಿಯ ಪ್ರತಿ ಕೊಂಡಿಯೂ ಉದ್ದವಾಗುತ್ತೆ, ಅಲ್ವಾ? ಒಂಟಿಯವರ ದಿನದಲ್ಲಿ ಅಷ್ಟು ಕೊಂಡಿಗಳೇ ಇರೋದಿಲ್ಲ.

ಸಂಸಾರದ ಹಂತ ಬೇರ್ಪಡಿಸಿದ ಮೇಲೂ 'ಸ್ವ-ಆಯ್ಕೆ' ಉಳಿಯುತ್ತೆ: ಕಾರು ಇಷ್ಟವಿಲ್ಲದವರು ಒಳಪೇಟೆಯನ್ನೇ ಹುಡುಕಿಕೊಂಡು ಹೋಗಿರಬಹುದು. ಅದೇ ಕುಟುಂಬವನ್ನು ಮನೆ ಬದಲಿಸುವ ಮುಂಚೆ, ಆಮೇಲೆ ಗಮನಿಸಿದರೆ ಇದು ಸ್ವಲ್ಪ ತಿಳಿಯಾಗುತ್ತೆ. ಆದರೆ ಜನ ಎಷ್ಟೋ ಸಲ ಮನೆ ಬದಲಿಸೋದು ಮಗು ಹುಟ್ಟಿದಾಗ, ಹಾಗಾಗಿ ಎರಡು ಕಾರಣ ಮತ್ತೆ ಬೆರೆಯುತ್ತವೆ.

ಅಳತೆ ಬೇಕಾದವರಿಗೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಯೂಯಿಂಗ್ ಮತ್ತು ಸರ್ವೆರೊ 2010ರಲ್ಲಿ ಕೊಟ್ಟ ಲೆಕ್ಕದಲ್ಲಿ, ಸಾಂದ್ರತೆ 10% ಹೆಚ್ಚಿದರೆ ಕಾರಿನ ಓಡಾಟ ಇಳಿಯೋದು ಸುಮಾರು 0.4% ಮಾತ್ರ. ಕಾರಲ್ಲಿ ತಲುಪಬಹುದಾದ ಉದ್ಯೋಗಗಳು 10% ಹೆಚ್ಚಿದರೆ ಸುಮಾರು 2%. ಮನೆಗಳು ಒತ್ತೊತ್ತಾಗಿರೋದಕ್ಕಿಂತ, ಬಡಾವಣೆ ಊರಿನ ಯಾವ ಭಾಗದಲ್ಲಿದೆ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬರುತ್ತೆ.