ಪದ ಪರಿಚಯ: ವೃಕ್ಷೋದ್ಯಾನ

ಲ್ಯಾಟಿನ್ನಿನಲ್ಲಿ ‘ಆರ್ಬರ್’ ಎಂದರೆ ಮರ. ಅದರಿಂದ ಹುಟ್ಟಿದ್ದು ‘ಆರ್ಬೊರೀಟಮ್’. ಇಂಗ್ಲೆಂಡಿನಲ್ಲಿ ಈ ಹೆಸರು ಹೊತ್ತ ಹಳೆಯ ಸಾರ್ವಜನಿಕ ತೋಟಗಳಲ್ಲೊಂದು ಡರ್ಬಿಯದು. ಜಾನ್ ಕ್ಲಾಡಿಯಸ್ ಲೌಡನ್ ರೂಪಿಸಿದ ಅದು ತೆರೆದದ್ದು 1840ರಲ್ಲಿ. ಕನ್ನಡದಲ್ಲಿ ಇದಕ್ಕೆ ವೃಕ್ಷೋದ್ಯಾನ ಎನ್ನುತ್ತೇವೆ. ತೊಡಕೆಂದರೆ, ನಮ್ಮ ಅರಣ್ಯ ಇಲಾಖೆಯ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳಿಗೂ ಇದೇ ಪದ. ಅವು ಟ್ರೀ ಪಾರ್ಕುಗಳು: ನಡೆಯಲು ದಾರಿ, ಮಕ್ಕಳಿಗೆ ಉಯ್ಯಾಲೆ, ಕೂರಲು ನೆರಳು. ಆರ್ಬೊರೀಟಮ್ಮಿನಲ್ಲೂ ನೆರಳಿದೆ, ಆದರೆ ಅದರ ಜೀವಾಳ ದಾಖಲೆ. ಯಾವ ಮರ, ಬೀಜ ಎಲ್ಲಿಯದು, ನೆಟ್ಟದ್ದು ಯಾವ ವರ್ಷ ಎಂಬುದನ್ನು ಬರೆದಿಡದಿದ್ದರೆ ಅದೂ ಊರಾಚೆಯ ಗುಂಡುತೋಪಿನಂತೆಯೇ.

ಇನ್ನು ‘ಸ್ಥಳೀಯ, ಬರ ತಾಳುವ ಮರಗಳ ವೃಕ್ಷೋದ್ಯಾನ’ ಎಂಬ ಮಾತು. ಇಲ್ಲಿರುವ ಎರಡು ವಿಶೇಷಣಗಳನ್ನು ಒಂದೇ ಎಂದುಕೊಳ್ಳುವವರು ಬಹಳ. ಬಳ್ಳಾರಿ ಜಾಲಿಯನ್ನೇ ನೋಡಿ. ಬರಕ್ಕೆ ಜಗ್ಗುವುದಿಲ್ಲ, ಹೆಸರಿನಲ್ಲೇ ನಮ್ಮ ಊರಿದೆ. ಮೂಲ ಮಾತ್ರ ಅಮೆರಿಕ ಖಂಡ. ನಮ್ಮದು ಕರಿಜಾಲಿ. ಹಾಗೆಯೇ ನೇರಳೆ ಅಪ್ಪಟ ಇಲ್ಲಿಯದು, ಆದರೂ ನೀರಿನ ಪಸೆ ಇರುವ ಹಳ್ಳದ ದಂಡೆಯೇ ಅದಕ್ಕೆ ಪ್ರಿಯ.

ಎರಡೂ ಗುಣ ಕೂಡಿದ ಮರ ಬೇಕೆಂದರೆ ಕಾವೇರಿ ಸಂಗಮದ ಸುತ್ತಲಿನ ಒಣ ಕಾಡಿಗೆ ಹೋಗಬೇಕು. ಅಲ್ಲಿನ ಕಮರ ಎಳೆಯ ಸಸಿಯಾಗಿದ್ದಾಗ ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಇಳಿಯುವುದರಲ್ಲೇ ಮಗ್ನ. ತಾಯಿಬೇರು ಕಲ್ಲುಸಂದಿಯಲ್ಲಿ ತೂರಿ ನೀರು ಹುಡುಕುತ್ತದೆ. ಮರ ಎಷ್ಟು ಗಟ್ಟಿಯೆಂದರೆ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಮುತ್ತುಗದ ದಾರಿ ಬೇರೆ. ಎಲೆ ಉದುರಿಸಿ ಖರ್ಚು ತಗ್ಗಿಸಿಕೊಂಡು, ಬೋಳು ಕೊಂಬೆಯಲ್ಲೇ ಹೂ ಬಿಡುತ್ತದೆ. ಬನ್ನಿಯಂತೂ ಸುಡು ಬೇಸಿಗೆಯಲ್ಲೇ ಚಿಗುರೊಡೆಯುವ ಆಸಾಮಿ.

ಇಂಥ ಗುಣವನ್ನು ಪರೀಕ್ಷಿಸಲು ನೀರುಣಿಸುವುದನ್ನು ನಿಲ್ಲಿಸಿ ನೋಡಬೇಕು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 1928ರಲ್ಲಿ ಶುರುವಾದ ವೇಟ್ ಆರ್ಬೊರೀಟಮ್ ಮಾಡುತ್ತಿರುವುದು ಅದನ್ನೇ. ಅಲ್ಲಿ ಆ ನಾಡಿನ ಮರಗಳೂ ಇವೆ, ಹೊರಗಿನವೂ ಇವೆ. ಸಸಿ ಬೇರೂರುವ ತನಕ ನೀರುಣಿಸುತ್ತಾರೆ, ಆಮೇಲೆ ಮಳೆಯನ್ನು ನಂಬಿಯೇ ಬದುಕಬೇಕು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗ ಸೀಮೆಯಷ್ಟೇ. ಹಾಗೆಂದು ಅಲ್ಲಿ ಗೆದ್ದದ್ದನ್ನು ತಂದು ಇಲ್ಲಿ ನೆಡುವ ಆತುರ ಬೇಡ: ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಬಹುಪಾಲು ಒಣ.

ಮರಕ್ಕೆ ಹಾಕುವ ಹೆಸರಿನ ಫಲಕದ ಬಗ್ಗೆ ಒಂದು ಮಾತು. ಕೆಲವೆಡೆ ವೈಜ್ಞಾನಿಕ ಹೆಸರು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಬೇಕು, ನಿಜ. ಒಂದೇ ಮರ ಒಂದು ಸೀಮೆಯಲ್ಲಿ ಚುಜ್ಜಲು, ಇನ್ನೊಂದರಲ್ಲಿ ತುಗ್ಗಲಿ. ಆದರೆ ಅದರ ಫಲಕದಲ್ಲಿ ‘ಅಲ್ಬಿಜಿಯಾ ಅಮಾರ’ ಎಂದಷ್ಟೇ ಬರೆದರೆ, ಎಣ್ಣೆಸ್ನಾನಕ್ಕೆ ಚಿಗರೆಪುಡಿ ಹಚ್ಚಿಕೊಂಡು ಬೆಳೆದ ಅಜ್ಜಿಗೆ ತಾನು ಆ ಪುಡಿಯ ಮರದ ಕೆಳಗೇ ನಿಂತಿದ್ದೇನೆಂದು ತಿಳಿಯುವುದು ಹೇಗೆ?