ಇಪ್ಪತ್ತನಾಲ್ಕು ಗಂಟೆಯ ಚೀಟಿ: ಥಾಯ್ಲೆಂಡಿನಲ್ಲಿ ವಿದೇಶಿಯರ ಮನೆಬಾಗಿಲಿಗೆ ಪೊಲೀಸರು ಬರುವುದೇಕೆ?

ಥಾಯ್ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿದ ವಿದೇಶಿಯ ಮನೆಗೆ ವಲಸೆ ಪೊಲೀಸರು ಬಂದರೆ ಅವನು ಗಾಬರಿಯಾಗುವುದಿಲ್ಲ. ದಾರಿ ತೋರಿಸಿದವನೇ ಅವನು. ಒಂದು ವರ್ಷದ ವಾಸದ ಅನುಮತಿ ಕೇಳುವ ಅರ್ಜಿಯ ಜೊತೆ ಮನೆಗೆ ಬರುವ ದಾರಿಯ ನಕ್ಷೆಯನ್ನೂ ಬರೆದು ಕೊಟ್ಟಿರುತ್ತಾನೆ: ಹೆದ್ದಾರಿಯಿಂದ ಎಡಕ್ಕೆ, ಬೌದ್ಧ ವಿಹಾರ ದಾಟಿ, ಸೆವೆನ್ ಇಲೆವೆನ್ ಅಂಗಡಿಯ ಎದುರಿನ ಓಣಿ, ಮೂರನೆಯ ಗೇಟು. ಬ್ಯಾಂಕಿನಲ್ಲಿ 4 ಲಕ್ಷ ಬಾತ್ ಎರಡು ತಿಂಗಳಿಂದ ಕದಲದೆ ಇದೆ ಎಂದೋ ತಿಂಗಳಿಗೆ 40,000 ಬಾತ್ ವರಮಾನವಿದೆ ಎಂದೋ ಪತ್ರ ಬೇಕು. ಗಂಡಹೆಂಡಿರು ಮನೆಯ ನಂಬರು ಕಾಣುವಂತೆ ಬಾಗಿಲಲ್ಲಿ ನಿಂತ ಫೋಟೊ, ಒಳಗೆ ಕುಳಿತ ಫೋಟೊ, ಎಷ್ಟೋ ಕಚೇರಿಗಳಲ್ಲಿ ಮಲಗುವ ಕೋಣೆಯ ಫೋಟೊ ಕೂಡ ಬೇಕು. ಜೆರಾಕ್ಸ್ ಪ್ರತಿಯ ಒಂದೊಂದು ಹಾಳೆಗೂ ಸಹಿ ಬೀಳಬೇಕು. ಪಾಸ್‌ಪೋರ್ಟಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮೊಹರು ಒತ್ತಿಸಿಕೊಂಡು ಸುಮಾರು 30 ದಿನ ಕಾಯುವಾಗ ಅಧಿಕಾರಿಗಳು ಬರುತ್ತಾರೆ. ನೆರೆಯವರೊಬ್ಬರನ್ನು ಸಾಕ್ಷಿಗೆ ಕರೆದು, ನಾಲ್ಕು ಪ್ರಶ್ನೆ ಕೇಳಿ, ಕೊನೆಗೆ ದಂಪತಿಯ ಪಕ್ಕದಲ್ಲಿ ತಾವೂ ಸೋಫಾದ ಮೇಲೆ ಕುಳಿತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ.

ಅದೇ ದೇಶದಲ್ಲಿ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳ ಸಾಲಿಗೂ ಪೊಲೀಸರು ಹೋಗುತ್ತಾರೆ. ಅಲ್ಲಿ ಸೋಫಾ ಇರುವುದಿಲ್ಲ.

‘ವಿದೇಶಿಯರ ಮನೆಗಳ ತಪಾಸಣೆ’ ಎಂಬ ಒಂದೇ ತಲೆಬರಹದಡಿ ಬರುವ ಸುದ್ದಿಗಳಲ್ಲಿ ಮೂರು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಒಂದು, ವೀಸಾ ಅರ್ಜಿಯಲ್ಲಿ ಹೇಳಿದ್ದು ನಿಜವೇ ಎಂದು ನೋಡುವುದು. ಇನ್ನೊಂದು, ಆ ವಿಳಾಸದಲ್ಲಿ ವಿದೇಶಿಯಿದ್ದಾನೆ ಎಂಬುದನ್ನು ಮನೆಯವರು ಠಾಣೆಗೆ ತಿಳಿಸಿದ್ದಾರೆಯೇ ಎಂದು ನೋಡುವುದು. ಮೂರನೆಯದು, ಅವಧಿ ಮೀರಿ ಉಳಿದವರನ್ನೂ ಪರವಾನಗಿಯಿಲ್ಲದೆ ದುಡಿಯುವವರನ್ನೂ ಹಿಡಿಯುವುದು. ಬಾಗಿಲು ತಟ್ಟುವವರು ಒಂದೇ ಇಲಾಖೆಯವರಾದ್ದರಿಂದ ಒಳಗಿರುವವನಿಗೆ ಇವು ಬೇರೆ ಬೇರೆ ಎಂದು ತೋರುವುದೇ ಇಲ್ಲ.

ಇಲಾಖೆಯ ಹೆಸರಿನಲ್ಲೇ ಒಂದಿಷ್ಟು ಕಥೆಯಿದೆ. ಅಲ್ಲಿನ ವಿದೇಶಿಯರ ಬಾಯಲ್ಲಿ ಸದಾ ಓಡಾಡುವ ‘ಟಿಎಂ 30’, ‘ಟಿಎಂ 47’ ನಮೂನೆಗಳ ಟಿಎಂ ಇಂಗ್ಲಿಷಿನದಲ್ಲ. ಅದು ಥಾಯ್ ಭಾಷೆಯ ‘ತೊ ಮೊ’. ಬಿಡಿಸಿ ಹೇಳಿದರೆ ‘ತ್ರುವತ್ ಖೊನ್ ಖಾವ್ ಮುವಾಂಗ್’, ಅಂದರೆ ಊರೊಳಗೆ ಬರುವವರ ತಪಾಸಣೆ. ಮುವಾಂಗ್ ಎಂದರೆ ಊರೂ ಹೌದು, ನಾಡೂ ಹೌದು. ಕೋಟೆಬಾಗಿಲ ಕಾವಲಿನ ನೆನಪು ತರುವ ಈ ಹೆಸರಿನ ಇಲಾಖೆ ಹುಟ್ಟಿದ್ದು 1927ರಲ್ಲಿ, ಸಿಯಾಮ್ (ಥಾಯ್ಲೆಂಡಿನ ಆಗಿನ ಹೆಸರು) ತನ್ನ ಮೊದಲ ವಲಸೆ ಕಾಯ್ದೆ ತಂದಾಗ. ಇಂದು ಅದು ರಾಯಲ್ ಥಾಯ್ ಪೊಲೀಸ್ ಪಡೆಯ ಒಂದು ಭಾಗ. ಹೀಗಾಗಿ ವೀಸಾ ಗುಮಾಸ್ತಿಕೆ ಮಾಡುವವನೂ ಅಲ್ಲಿ ಪೊಲೀಸನೇ.

ಅದಕ್ಕೂ ಹಿಂದಿನದನ್ನು ಬೇಗ ದಾಟಬಹುದು. ಬ್ರಿಟನ್ನಿನೊಂದಿಗೆ ಆದ 1855ರ ಬೌರಿಂಗ್ ಒಪ್ಪಂದದ ನಂತರ ಬ್ರಿಟಿಷ್ ಪ್ರಜೆಗಳು, ಅವರೊಂದಿಗೆ ಭಾರತ ಮತ್ತು ಬರ್ಮಾದಿಂದ ಹೋದ ವ್ಯಾಪಾರಿಗಳೂ, ಸಿಯಾಮಿನ ನ್ಯಾಯಾಲಯಗಳ ಕೈಗೆ ಸಿಗದೆ ತಮ್ಮ ಕಾನ್ಸಲ್‌ನ ನೆರಳಲ್ಲಿ ಬದುಕಿದರು. ಆ ನೆರಳು ಸರಿಯುವ ಹೊತ್ತಿಗೆ ಚೀನೀಯರ ವಲಸೆ ಆಳುವವರ ಚಿಂತೆಯಾಗಿತ್ತು. 1930ರ ದಶಕದಲ್ಲಿ ಹೊರಗಿನವರ ನೋಂದಣಿಯ ಕಾಯ್ದೆ ಬಂತು, 1950ರಲ್ಲಿ ಅದು ಇನ್ನೂ ಬಿಗಿಯಾಯಿತು. ಕಾಯಂ ವಾಸಿಗಳಿಗೆ ಠಾಣೆಯಿಂದ ಸಿಗುವ ಕೆಂಪು ಹೊದಿಕೆಯ ಗುರುತಿನ ಪುಸ್ತಕ ಆ ಕಾಲದ ಉಳಿಕೆ. ಈಶಾನ್ಯದ ನಖೋನ್ ಫನೋಮ್, ಉದೋನ್ ಥಾನಿ ಕಡೆ 1946ರ ಸುಮಾರಿಗೆ ಮೆಕಾಂಗ್ ನದಿ ದಾಟಿ ಬಂದ ವಿಯೆಟ್ನಾಮೀಯರು ದಶಕಗಳ ಕಾಲ ಅನುಮತಿಯಿಲ್ಲದೆ ಪಕ್ಕದ ಪ್ರಾಂತ್ಯಕ್ಕೆ ಹೋಗುವಂತಿರಲಿಲ್ಲ. 1972ರ ಡಿಸೆಂಬರಿನಲ್ಲಿ ಸೇನಾ ಆಡಳಿತ ಹೊರಡಿಸಿದ 337ನೆಯ ಆಜ್ಞೆ ಇಂಥವರ ಮಕ್ಕಳ ಪೌರತ್ವವನ್ನೇ ಕಿತ್ತುಕೊಂಡಿತು. ಅವರು ಹುಟ್ಟಿದ್ದು ಥಾಯ್ಲೆಂಡಿನ ನೆಲದಲ್ಲೇ. ಕಮ್ಯುನಿಸಂನ ಭಯ ಮನೆಮನೆಯ ಲೆಕ್ಕ ಇಡಿಸಿದ ಕಾಲವದು.

ಈಗ ಜಾರಿಯಲ್ಲಿರುವ ವಲಸೆ ಕಾಯ್ದೆ 1979ರದು. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಮುಗಳಿಂದ ನಿರಾಶ್ರಿತರು ಬಂದು ಸೇರುತ್ತಿದ್ದ ವರ್ಷ. ದೇಶಕ್ಕೆ ಬರುತ್ತಿದ್ದ ಪ್ರವಾಸಿಗರು ವರ್ಷಕ್ಕೆ 20 ಲಕ್ಷಕ್ಕೂ ಕಡಿಮೆ. ಆ ಕಾಯ್ದೆಯ 37ನೆಯ ಮತ್ತು 38ನೆಯ ಕಲಮುಗಳೇ ನಮ್ಮ ವಿಷಯ. ತಾತ್ಕಾಲಿಕ ಅನುಮತಿಯ ಮೇಲೆ ಇರುವವನು ಹೇಳಿದ ವಿಳಾಸದಲ್ಲೇ ಇರಬೇಕು, ಮನೆ ಬದಲಿಸಿದರೆ 24 ಗಂಟೆಯೊಳಗೆ ತಿಳಿಸಬೇಕು, ಬೇರೆ ಪ್ರಾಂತ್ಯಕ್ಕೆ ಹೋಗಿ ಒಂದು ದಿನಕ್ಕಿಂತ ಹೆಚ್ಚು ತಂಗಿದರೆ 48 ಗಂಟೆಯೊಳಗೆ ಅಲ್ಲಿನ ಪೊಲೀಸರಿಗೆ ತಿಳಿಸಬೇಕು, 90 ದಿನಕ್ಕೊಮ್ಮೆ ‘ಇಲ್ಲೇ ಇದ್ದೇನೆ’ ಎಂದು (ಟಿಎಂ 47ರಲ್ಲಿ) ವರದಿ ಕೊಡಬೇಕು ಎನ್ನುತ್ತದೆ 37. ಇದು ವಿದೇಶಿಯ ಹೊಣೆ. 38ನೆಯದು ಹೊಣೆಯನ್ನು ಅತಿಥಿಯಿಂದ ಎತ್ತಿ ಮನೆಯವರ ತಲೆಗೆ ಹಾಕುತ್ತದೆ. ವಿದೇಶಿಯನ್ನು ಇಟ್ಟುಕೊಂಡ ‘ಚಾವ್ ಬಾನ್’, ಎಂದರೆ ಮನೆಯ ಯಜಮಾನ, ಅಥವಾ ಮಾಲೀಕ, ಅಥವಾ ಮನೆಯನ್ನು ವಶದಲ್ಲಿಟ್ಟುಕೊಂಡವರು, ಹೋಟೆಲಾದರೆ ಅದರ ವ್ಯವಸ್ಥಾಪಕರು, ಅವನು ಬಂದ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ತಪ್ಪಿದರೆ ಮನೆಯವರಿಗೆ 2,000 ಬಾತ್‌ವರೆಗೆ, ಹೋಟೆಲಿನವರಿಗೆ 10,000ದವರೆಗೆ ದಂಡ. ಆ ತಿಳಿವಳಿಕೆಯ ನಮೂನೆಯೇ ಟಿಎಂ 30.

ಇಷ್ಟೆಲ್ಲ ಬರೆದಿಟ್ಟ ಕಾಯ್ದೆ ನಂತರ ಮೂರೂವರೆ ದಶಕ ಬಹುಪಾಲು ನಿದ್ದೆ ಮಾಡಿತು. ಹೋಟೆಲುಗಳು ಅತಿಥಿಗಳ ಪಟ್ಟಿ ಕಳಿಸುತ್ತಿದ್ದವು, ಬಾಡಿಗೆ ಮನೆಯವರಿಗೆ ಹೀಗೊಂದು ನಮೂನೆ ಇದೆಯೆಂಬುದೇ ಗೊತ್ತಿರಲಿಲ್ಲ. ಎಬ್ಬಿಸುವವರಿಲ್ಲದ ಕಾಯ್ದೆಯಿಂದ ಎಲ್ಲರಿಗೂ ಒಂದಲ್ಲ ಒಂದು ಅನುಕೂಲವಿತ್ತು. ವಿದೇಶಿಗೆ ನಿಶ್ಚಿಂತೆ, ಮಾಲೀಕನಿಗೆ ಬಾಡಿಗೆ ಆದಾಯ ಯಾರ ಕಣ್ಣಿಗೂ ಬೀಳದ ಸುಖ. ಕಚೇರಿಗೆ ಮಾತ್ರ, ಬೇಕೆಂದಾಗ ತೆಗೆದು ತೋರಿಸಬಹುದಾದ ಒಂದು ಕಲಮು.

ಬೇಕೆನಿಸಿದ್ದು 2014ರ ಮೇ ತಿಂಗಳ ಸೇನಾ ದಂಗೆಯ ನಂತರ. 2015ರ ಆಗಸ್ಟ್ 17ರಂದು ಬ್ಯಾಂಕಾಕಿನ ಎರವಾನ್ ಗುಡಿಯ ಬಳಿ ಬಾಂಬು ಸಿಡಿದು 20 ಜನ ಸತ್ತರು. ಶಂಕಿತನನ್ನು ಹಿಡಿದದ್ದು ನಗರದ ಹೊರವಲಯದ ನೊಂಗ್ ಚೋಕ್‌ನ ಸಾಧಾರಣ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಬಾಡಿಗೆದಾರ ಯಾರೆಂದು ಕೇಳುವವರೇ ಇರಲಿಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 2016ರ ಮಾರ್ಚ್ 20ರಿಂದ ಅವಧಿ ಮೀರಿದವರಿಗೆ ಮರುಪ್ರವೇಶ ನಿಷೇಧ ಬಂತು. ತಾನಾಗಿ ಒಪ್ಪಿಕೊಂಡು ಹೊರಟವನಿಗೆ, 90 ದಿನಕ್ಕಿಂತ ಹೆಚ್ಚು ಮೀರಿದ್ದರೆ, ಒಂದರಿಂದ ಹತ್ತು ವರ್ಷ. ಸಿಕ್ಕಿಬಿದ್ದವನಿಗೆ ಐದು ಅಥವಾ ಹತ್ತು ವರ್ಷ. ‘ಒಳ್ಳೆಯವರು ಒಳಗೆ, ಕೆಟ್ಟವರು ಹೊರಗೆ’ ಎಂಬ ಘೋಷಣೆ ಕಚೇರಿಗಳ ಗೋಡೆ ಏರಿತು. 2017–18ರಲ್ಲಿ ‘ಎಕ್ಸ್-ರೇ’ ಎಂಬ ಹೆಸರಿನ ಸರಣಿ ದಾಳಿಗಳು ಶಾಲೆ, ಅಪಾರ್ಟ್‌ಮೆಂಟು, ಬಾರುಗಳನ್ನು ಹೊಕ್ಕವು. ಒಳ್ಳೆಯವರನ್ನೂ ಕೆಟ್ಟವರನ್ನೂ ಬೇರ್ಪಡಿಸುವ ಕ್ಷಕಿರಣ ಯಂತ್ರ ಯಾವುದಿತ್ತೋ ಕಾಣೆ. ಕೈಯಲ್ಲಿದ್ದದ್ದು ಪಾಸ್‌ಪೋರ್ಟು ಮತ್ತು ವಿಳಾಸದ ಪಟ್ಟಿ.

ಆ ಪಟ್ಟಿ ಅರ್ಧಂಬರ್ಧವಾಗಿತ್ತು. 2019ರ ಗೊಂದಲದ ಬೇರು ಇದೇ. ಆ ವರ್ಷ ಟಿಎಂ 30 ಚೀಟಿ ಇಲ್ಲದೆ ಬಂದವರ ವೀಸಾ ಕೆಲಸಗಳನ್ನು ಹಲವು ವಲಸೆ ಕಚೇರಿಗಳು ಮುಟ್ಟದಾದವು. ಚೀಟಿ ಎಂದರೆ ನಮೂನೆಯ ಕೆಳಭಾಗದ ಒಂದು ತುಂಡು ಕಾಗದ. ಅಧಿಕಾರಿ ಮೊಹರು ಹಾಕಿ, ಕತ್ತರಿಸಿ, ಪಾಸ್‌ಪೋರ್ಟಿನ ಹಾಳೆಗೆ ಪಿನ್ನು ಹೊಡೆದು ಕೊಡುತ್ತಿದ್ದರು. ತರಬೇಕಾದವನು ಮಾಲೀಕ, ಆದರೆ ಅದಿಲ್ಲದೆ ಕೌಂಟರಿನಿಂದ ಹಿಂದಿರುಗಬೇಕಾದವನು ಬಾಡಿಗೆದಾರ. ಮಾಲೀಕ ಬೇರೆ ಊರಿನಲ್ಲಿದ್ದರೆ, ಬೇರೆ ದೇಶದಲ್ಲೇ ಇದ್ದರೆ, ತನ್ನ ಮನೆ ದಾಖಲೆಯ ಪ್ರತಿ ಕೊಡಲು ಒಲ್ಲದಿದ್ದರೆ? 800, 1,600 ಬಾತ್ ದಂಡವನ್ನು ತಾನೇ ಕಟ್ಟಿ ಮುಗಿಸಿದ ಬಾಡಿಗೆದಾರರು ಬಹಳ.

ಅದಕ್ಕಿಂತ ವಿಚಿತ್ರವಾದದ್ದು ಆಗಿನ ಪ್ರಯಾಣದ ಲೆಕ್ಕ. ಬ್ಯಾಂಕಾಕಿನಲ್ಲಿ ಮನೆ ಮಾಡಿಕೊಂಡವನು ವಾರಾಂತ್ಯಕ್ಕೆ ಚಿಯಾಂಗ್ ಮಾಯ್‌ಗೆ ಹೋಗಿ ಹೋಟೆಲಿನಲ್ಲಿ ಮಲಗಿದ ಎನ್ನಿ. ಹೋಟೆಲು ನಿಯಮದಂತೆ ಅವನ ಹೆಸರು ಕಳಿಸುತ್ತದೆ. ಕಂಪ್ಯೂಟರಿನಲ್ಲಿ ಅವನೀಗ ಚಿಯಾಂಗ್ ಮಾಯ್‌ನವನು. ಭಾನುವಾರ ರಾತ್ರಿ ಮನೆಗೆ ಬಂದರೆ ಸೋಮವಾರ ರಾತ್ರಿಯೊಳಗೆ ಮನೆಯ ಮಾಲೀಕ ಮತ್ತೆ ಟಿಎಂ 30 ಕೊಡಬೇಕು. ಕೆಲಸದ ಮೇಲೆ ತಿಂಗಳಿಗೆ ನಾಲ್ಕು ಸಲ ಊರು ಬಿಡುವವನ ಮಾಲೀಕನಿಗೆ ನಾಲ್ಕು ನಮೂನೆ. ಮನೆ ಹೆಂಡತಿಯ ಹೆಸರಿನಲ್ಲಿದ್ದರೆ, ಸಿಂಗಾಪುರದಿಂದ ಮರಳಿದ ಗಂಡನ ವಿಷಯವನ್ನು ಹೆಂಡತಿಯೇ ಪೊಲೀಸರಿಗೆ ತಿಳಿಸಬೇಕು. ಸ್ವಂತ ಅಪಾರ್ಟ್‌ಮೆಂಟು ಕೊಂಡ ವಿದೇಶಿಯಂತೂ ತನ್ನ ಮನೆಗೆ ತಾನೇ ಬಂದು ಉಳಿದಿದ್ದೇನೆಂದು ತನ್ನ ಮೇಲೆ ತಾನೇ ವರದಿ ಕೊಡಬೇಕು! ಆನ್‌ಲೈನಿನಲ್ಲಿ ಕೊಡಬಹುದೆಂದು ಇಲಾಖೆ ಹೇಳುತ್ತಿತ್ತು. ಪಾಸ್‌ವರ್ಡು ಬರುವುದಿಲ್ಲ ಎಂಬುದು ಸಾಮಾನ್ಯ ದೂರು. ನಗರದ ಉತ್ತರದ ಚೇಂಗ್ ವತ್ತನ ರಸ್ತೆಯ ಸರ್ಕಾರಿ ಸಂಕೀರ್ಣಕ್ಕೆ ಜನ ಕಡತ ಹಿಡಿದು ಹೋಗುವುದು ತಪ್ಪಲಿಲ್ಲ.

ವಿರೋಧವೂ ಬಂತು. ಸಹಿ ಸಂಗ್ರಹವಾಯಿತು, ವಿದೇಶಿ ವಾಣಿಜ್ಯ ಮಂಡಳಿಗಳು ದನಿಯೆತ್ತಿದವು. 2019ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನ ವಿದೇಶಿ ಪತ್ರಕರ್ತರ ಕ್ಲಬ್ಬಿನಲ್ಲಿ ವಲಸೆ ಅಧಿಕಾರಿಗಳೂ ದೂರುದಾರರೂ ಎದುರುಬದುರು ಕುಳಿತರು. ಅಧಿಕಾರಿಗಳ ವಾದ ಸರಳ: ಕಾಯ್ದೆ ನಾವು ಬರೆದದ್ದಲ್ಲ, 1979ರಿಂದಲೂ ಇದೆ, ದೇಶದ ಭದ್ರತೆಗೆ ಬೇಕು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜವಾಗಿ ಅಡಗಿಕೊಳ್ಳಬೇಕೆಂದವನು ನಮೂನೆ ತುಂಬಲು ಸಾಲಿನಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಆ ವಾದದಲ್ಲಿ ಉತ್ತರವೂ ಇರಲಿಲ್ಲ. ಆ ವರ್ಷ ದೇಶಕ್ಕೆ ಬಂದ ಪ್ರವಾಸಿಗರು ಸುಮಾರು 4 ಕೋಟಿ. 20 ಲಕ್ಷದ ಕಾಲಕ್ಕೆ ಹೊಲಿದ ಅಂಗಿಯದು.

2020ರ ಜೂನ್ ಕೊನೆಯಲ್ಲಿ, ಕೋವಿಡ್‌ನಿಂದ ವಿಮಾನಗಳೇ ನಿಂತಿದ್ದ ಹೊತ್ತಿನಲ್ಲಿ, ನಿಯಮ ಸಡಿಲವಾಯಿತು. ಒಮ್ಮೆ ತಿಳಿಸಿದ ವಿಳಾಸಕ್ಕೇ ಅನುಮತಿಯ ಅವಧಿಯೊಳಗೆ ಹಿಂದಿರುಗಿದರೆ ಮತ್ತೆ ತಿಳಿಸಬೇಕಿಲ್ಲ ಎಂದಾಯಿತು. ಕಾಯ್ದೆಯ 38ನೆಯ ಕಲಮನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮನೆಬಾಗಿಲ ಭೇಟಿಗಳೂ ನಿಲ್ಲಲಿಲ್ಲ. ವಿದೇಶಿಯರ ಬಗ್ಗೆ ಒಂದು ದೊಡ್ಡ ಸುದ್ದಿಯಾದಾಗ ಅವು ಏರುತ್ತವೆ, ಸುದ್ದಿ ತಣ್ಣಗಾದಾಗ ಇಳಿಯುತ್ತವೆ. 2017ರ ಸಂವಿಧಾನದ ಪ್ರಕಾರ ಮನೆಯವರ ಒಪ್ಪಿಗೆಯೋ ನ್ಯಾಯಾಲಯದ ಆದೇಶವೋ ಕಾನೂನು ಹೇಳಿದ ಬೇರೆ ಕಾರಣವೋ ಇಲ್ಲದೆ ಯಾರೂ ಮನೆ ಹೊಗುವಂತಿಲ್ಲ. ಆದರೆ ವರ್ಷಕ್ಕೊಮ್ಮೆ ಅದೇ ಕಚೇರಿಯ ಮುಂದೆ ನಿಲ್ಲಬೇಕಾದವನು ‘ಆದೇಶ ತೋರಿಸಿ’ ಎಂದು ಬಾಗಿಲಲ್ಲಿ ವಾದಕ್ಕಿಳಿಯುವುದು ಅಪರೂಪ.

ಭಾರತೀಯರಿಗೆ 2023ರ ನವೆಂಬರಿನಲ್ಲಿ ವೀಸಾ ಇಲ್ಲದ ಪ್ರವೇಶ ಸಿಕ್ಕಿತು. ಹಾಗೆ ಹೋದವರು ಉಳಿಯಬಹುದಾದ ಅವಧಿ 2024ರ ಜುಲೈ 15ರಂದು 60 ದಿನಕ್ಕೆ ಏರಿತು. ಬೆಂಗಳೂರಿನಿಂದ ನೇರ ವಿಮಾನ ಹಿಡಿದು ಹೋಗುವವರು ಹೋಟೆಲಿನಲ್ಲಿ ಉಳಿದರೆ ಈ ರಗಳೆಯ ಸುಳಿವೂ ಹತ್ತುವುದಿಲ್ಲ. ಸ್ನೇಹಿತರ ಅಪಾರ್ಟ್‌ಮೆಂಟಿನಲ್ಲಿ ಉಳಿದರೆ ಆ ಸ್ನೇಹಿತರಿಗೆ 24 ಗಂಟೆಯ ಲೆಕ್ಕ ಶುರುವಾಗುತ್ತದೆ. ಥಾಯ್ ಆಡುಮಾತಿನಲ್ಲಿ ಭಾರತೀಯರಿಗೆ ‘ಖೇಕ್’ ಎನ್ನುತ್ತಾರೆ. ಮೂಲಾರ್ಥ ಅತಿಥಿ ಎಂದೇ, ಹೇಳುವ ದನಿಯಲ್ಲಿ ಎಲ್ಲ ಸಲವೂ ಆದರವಿರುವುದಿಲ್ಲ. ಹಾಗೆಂದು ನಾವು ಮೂಗು ಮುರಿಯುವಂತೆಯೂ ಇಲ್ಲ. ಗೋಕರ್ಣದ ಕುಟೀರಕ್ಕೋ ಮಡಿಕೇರಿಯ ಹೋಮ್‌ಸ್ಟೇಗೋ ವಿದೇಶಿ ಬಂದರೆ ಮಾಲೀಕರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸುವ ನಮೂನೆ (2025ರವರೆಗೆ ಅದರ ಹೆಸರು ಸಿ-ಫಾರ್ಮ್) ತುಂಬಬೇಕೆಂಬ ನಿಯಮ ನಮ್ಮಲ್ಲೂ ಇದೆ. ಗಂಟೆಯ ಲೆಕ್ಕವೂ ಒಂದೇ.

ಚರ್ಚೆಯಲ್ಲಿ ಕಡಿಮೆ ಕೇಳಿಬರುವುದು ಶೆಡ್ಡುಗಳ ಮಾತು. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸಿನಿಂದ ಬಂದು ದುಡಿಯುವವರಲ್ಲಿ ನೋಂದಾಯಿತರೇ 20 ಲಕ್ಷಕ್ಕೂ ಹೆಚ್ಚು. 2014ರ ಜೂನಿನಲ್ಲಿ ದಾಳಿಯ ವದಂತಿಗೇ 2 ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರು ಗಂಟುಮೂಟೆ ಕಟ್ಟಿ ಗಡಿ ದಾಟಿದರು. 2017ರಲ್ಲಿ ಪರವಾನಗಿಯಿಲ್ಲದ ಒಬ್ಬೊಬ್ಬ ಕಾರ್ಮಿಕನ ಲೆಕ್ಕದಲ್ಲಿ ಧಣಿಗೆ 4ರಿಂದ 8 ಲಕ್ಷ ಬಾತ್ ದಂಡ ಎಂಬ ಸುಗ್ರೀವಾಜ್ಞೆ ಬಂದಾಗ ಮತ್ತೆ ಹತ್ತಾರು ಸಾವಿರ ಜನ ಹೊರಟರು. ಕೆಲಸಗಳು ನಿಂತವು, ಸರ್ಕಾರ ಆ ದಂಡವನ್ನು ವರ್ಷದ ಕೊನೆಯವರೆಗೆ ತಡೆಹಿಡಿಯಿತು.

ಇವರ ವಿಳಾಸ ಎಂದರೆ ಧಣಿಯ ನಿವೇಶನ. ಕೆಲಸ ಮುಗಿದು ಶೆಡ್ಡು ಕಿತ್ತರೆ ವಿಳಾಸವೂ ಹೋಗುತ್ತದೆ. ದಾಖಲೆ ಬೇರೆಯವರು ಇಟ್ಟುಕೊಳ್ಳುವುದು ಅಪರಾಧ. ಆದರೂ ಪಾಸ್‌ಪೋರ್ಟು, ಕೆಲಸದ ಪರವಾನಗಿ ‘ಭದ್ರವಾಗಿರಲಿ’ ಎಂದು ಗುತ್ತಿಗೆದಾರನ ಮೇಜಿನ ಖಾನೆ ಸೇರಿರುವುದುಂಟು. ಅಂಥ ಕಡೆ ಪೊಲೀಸರು ಬಂದಾಗ ಕಾರ್ಮಿಕ ತೋರಿಸುವುದು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಫೋಟೊ. ಅಸಲು ಬೇಕೆಂದರೆ ಗುತ್ತಿಗೆದಾರ ಫೋನ್ ಎತ್ತುವವರೆಗೆ ತಗಡಿನ ನೆರಳಲ್ಲಿ ಉಳಿದವರ ಸಾಲಿನಲ್ಲಿ ಕುಳಿತು ಕಾಯಬೇಕು.